ಬಾಗಿಲ ಮೇಲಿನ ಗೀರುಗಳು

ಅತ್ತೆಗೆ ನಮಸ್ಕಾರ.

ಮೊನ್ನೆ ನೀವು ಟಿಕೆಟ್ ತೆಗೆದುಕೊಂಡು, ಪಾರ್ಕ್ ನೋಡಲು ಬಂದವರ ಹಿಂದೆ ನಿಂತಿದ್ದು ನನಗೆ ಕಂಡಿತ್ತು. ಕಂಡೂ ಕಾಣದವನಂತೆ ನನ್ನ ಗೈಡ್ ಮಾತು ಮುಂದುವರಿಸಿದೆ. ನಮ್ಮ ಹಳೇ ಮನೆಯ ಬಾಗಿಲ ಮೇಲಿನ ಗೀರುಗಳನ್ನು ತೋರಿಸಿ, ಅವು ಕರಡಿಯ ಉಗುರಿನವು, ಮುತ್ತಾತ ಅದನ್ನು ಬರಿಗೈಯಲ್ಲಿ ಓಡಿಸಿದರು ಎಂದೆ. ನೀವು ಮುಂದೆ ಬಂದು ಗೀರುಗಳ ಮೇಲೆ ಕೈಯಿಟ್ಟಿರಿ.

"ಅಮ್ಮಾ, ಬಾಗಿಲು ಮುಟ್ಟಬಾರದು," ಎಂದುಬಿಟ್ಟೆ.

"ಆಯ್ತಪ್ಪಾ," ಎಂದು ಕೈ ತೆಗೆದಿರಿ. ನೀವು ಹುಟ್ಟಿದ ಮನೆಯ ಬಾಗಿಲು ಅದು.

ನನಗೆ ನಿಜ ಗೊತ್ತಿಲ್ಲ ಅಂತಲ್ಲ. ನಮ್ಮ ಕಾಡು ನ್ಯಾಷನಲ್ ಪಾರ್ಕ್ ಆದಾಗ ನಿಮ್ಮನ್ನೆಲ್ಲ ಲಾರಿ ಹತ್ತಿಸಿದರು, ನಾಯಿಯನ್ನು ಹತ್ತಿಸಲು ಬಿಡಲಿಲ್ಲ. ಅದು ಮುಚ್ಚಿದ ಬಾಗಿಲನ್ನು ಕೆರೆದೂ ಕೆರೆದೂ ಅಲ್ಲೇ ಸತ್ತಿತು ಎಂದು ಅಪ್ಪ ಹೇಳಿದ್ದರು. ಆದರೆ ನಾಯಿ ಎಂದರೆ ಯಾರೂ ಫೋಟೊ ತೆಗೆಯುವುದಿಲ್ಲ. ತಾತ, ಅಪ್ಪ ವರ್ಷವರ್ಷವೂ ಹೋಗಿ ಸೂರು ಸರಿಮಾಡಿ ಉಳಿಸಿಕೊಂಡ ಮನೆಯಲ್ಲಿ ನಿಂತು ನಾನು ರೈಲು ಬಿಡುತ್ತಿದ್ದೇನೆ.

ಬಾಗಿಲ ಪಕ್ಕ ಕರಡಿಯ ಕಥೆ ಬರೆಸಿ ಹಾಕಿದ್ದ ಬೋರ್ಡನ್ನು ನಿನ್ನೆ ಕಿತ್ತೆ. ಹೊಸದು ಬರೆಸಬೇಕು. ನಾಯಿಯ ಹೆಸರು ಅಪ್ಪನಿಗೆ ಮರೆತುಹೋಗಿದೆಯಂತೆ. ನಿಮಗೆ ಮರೆತಿರಲಾರದು. ಭಾನುವಾರ ಬಂದು ಹೇಳುತ್ತೀರಾ?

ಟಿಕೆಟ್ ತೆಗೆದುಕೊಳ್ಳಬೇಡಿ. ಬೀಗದ ಕೈ ಈ ಲಕೋಟೆಯಲ್ಲೇ ಇದೆ. ಬಾಗಿಲು ನೀವೇ ತೆಗೆಯಿರಿ.

ಹೊರಗೇ ಕಾದಿರುವ,
ನಿಮ್ಮ ತಮ್ಮನ ಮಗ