ನಾಟಕಕ್ಕೆ ನಾನೊಬ್ಬನೇ ಪ್ರೇಕ್ಷಕ

ಅಕ್ಕಾ,

ಇಷ್ಟು ವರ್ಷ ನಿನಗೂ ಹೇಳಿರಲಿಲ್ಲ. ನಾಲ್ಕು ಜನರ ಮುಂದೆ ನಿಂತು ಮಾತಾಡಲು ನನಗೆ ಭಯ. ಶಾಲೆ ಬಿಟ್ಟಿದ್ದಕ್ಕೆ ಅರ್ಧ ಕಾರಣ ಅದೇ. ಅಂಥವನು ಬಂದು ಸೇರಿರುವುದು ನಾಟಕ ಕಂಪನಿಗೆ, ಕುರ್ಚಿ ಹಾಕುವ ಕೆಲಸಕ್ಕೆ!

ದೇಶಕ್ಕೊಬ್ಬರಂತೆ ಸೇರಿ ಕಟ್ಟಿದ ಪುಟ್ಟ ಕಂಪನಿ ಇದು. ಹೋದ ಊರಿನಲ್ಲಿ ಯಾರೇ ಕೇಳಿದರೂ ಪಾತ್ರ ಕೊಡಬೇಕು ಎಂಬುದು ಇವರ ಧ್ಯೇಯ. ವ್ಯಾನಿನ ಬಾಗಿಲ ಮೇಲೆಯೇ ಬರೆದಿದ್ದಾರೆ. ಆದರೆ ಮುಂದಿನ ಊರಿಗೆ ಹೋಗುವ ವ್ಯಾನಿನಲ್ಲಿ ಪಾತ್ರವಿರುವ ಕಂಪನಿಯವರಿಗೆ ಮಾತ್ರ ಜಾಗ. ಕೇಳುವ ಧೈರ್ಯವಿಲ್ಲದ ನನಗೆ ಪಾತ್ರವೇ ಇಲ್ಲ.

ನಿನ್ನೆ ನಾಟಕವಾಯಿತು. ಬೇಕರಿಯವರು, ಬಸ್ ಡ್ರೈವರು, ಹಲ್ಲಿನ ಡಾಕ್ಟರು, ಅವರ ಅತ್ತೆ, ಹೀಗೆ ಇಡೀ ಬೀದಿಯೇ ರಂಗದ ಮೇಲಿತ್ತು. ರಾಜರೇ ಏಳು ಮಂದಿ. ಪರದೆ ಸರಿದಾಗ ನೋಡಲು ಕೂತಿದ್ದವನು ನಾನೊಬ್ಬನೇ. ಸತ್ತ ರಾಜರೂ ಒಂದು ಕಣ್ಣು ತೆರೆದು, ನಾನು ಇದ್ದೇನೋ ಎದ್ದು ಹೋದೆನೋ ಎಂದು ನೋಡುತ್ತಿದ್ದರು.

ಮುಗಿದದ್ದೇ ತಡ, ಎಲ್ಲರೂ ನನ್ನನ್ನು ಸುತ್ತುವರಿದರು.

"ಹೇಗಿತ್ತಪ್ಪಾ?" ಎಂದರು ನಿರ್ದೇಶಕಿ.

"ನಡುವೆ ನಿದ್ದೆ ಬಂತಮ್ಮಾ. ಡಾಕ್ಟರ ಅತ್ತೆ ಕಿರುಚಿದಾಗ ಎಚ್ಚರ ಆಯ್ತು."

ಡಾಕ್ಟರ ಮುಖ ಸಪ್ಪಗಾಯಿತು. "ಕೇಳಿಸ್ತಾ ಅಳಿಯಂದಿರೇ?" ಎಂದು ಅತ್ತೆ ಬೀಗಿದರು.

ನನ್ನ ಕಥೆ ಮುಗಿಯಿತು ಎಂದುಕೊಂಡೆ. ನಿರ್ದೇಶಕಿ ನಕ್ಕುಬಿಟ್ಟರು. "ಪಾತ್ರ ಬೇಕು ಅನ್ನೋರು ಊರ ತುಂಬ ಇದ್ದಾರೆ ಕಣೋ. ಕೂತು ನೋಡಿ ನಿಜ ಹೇಳೋರು ಯಾರಿದ್ದಾರೆ? ಇನ್ಮೇಲೆ ಅದೇ ನಿನ್ನ ಪಾರ್ಟು."

ಕೆಮ್ಮು ವಾಸಿಯಾಗಿದೆ, ದುಡ್ಡು ಕಳಿಸಬೇಡ. ಅಮ್ಮನಿಗೆ ನಾನು ನಟನಾದೆ ಅಂತ ಬುರುಡೆ ಬಿಡಬೇಡ, ಕೂರುವ ಕೆಲಸ ಅಂತಲೇ ಹೇಳು. ಕಾರ್ಡಿನಲ್ಲಿ ಜಾಗ ಮುಗಿಯಿತು, ವ್ಯಾನಿನಲ್ಲಿ ಸಿಕ್ಕಿತು. ನಾಳೆ ಬೆಳಿಗ್ಗೆ ಹೊರಡುತ್ತೇನೆ.

ನಿನ್ನ ತಮ್ಮ