ಕಂಪ್ಯೂಟರ್ ಅಂಗಡಿಯಲ್ಲಿ ನಮ್ಮ ಮೂಳೆ

ನನ್ನ ತಕರಾರು ಗೆಳತಿಗೆ,

ಹೇಗಿದ್ದೀಯ? ವಿಮೆ ಕಂಪನಿಯಲ್ಲಿ ನಿನಗೆ ಬಡ್ತಿ ಸಿಕ್ಕಿತಂತೆ, ನಿನ್ನ ತಮ್ಮ ಹೇಳಿದ. ಖುಷಿಯೂ ಆಯಿತು, ಹೊಟ್ಟೆಯೂ ಉರಿಯಿತು. ನಾನು ಹಾಗೇ ಇದ್ದೇನೆ. ಸ್ವಲ್ಪ ಸುಸ್ತು ಜಾಸ್ತಿಯಾಗಿದೆ, ಅಷ್ಟೇ.

ನೀನು ಕೆಲಸ ಬಿಟ್ಟು ಹೋದ ಮೇಲೆ, ಕೊನೆಗೂ, ನಮ್ಮ ಪ್ರಯೋಗಾಲಯಕ್ಕೆ ಕಂಪ್ಯೂಟರ್ ಕೊಳ್ಳಲು ಹಣ ಮಂಜೂರಾಯಿತು. ನಾವು ಅಂಗಲಾಚಿದ ದೈತ್ಯ ಯಂತ್ರಕ್ಕಲ್ಲ, ಸಾಧಾರಣದ್ದೊಂದಕ್ಕೆ. ವಯಸ್ಸಾದವರ ಸೊಂಟದ ಮೂಳೆಯಲ್ಲಿ ಬಿರುಕು ಹೇಗೆ ಹಬ್ಬುತ್ತದೆಂದು ಲೆಕ್ಕ ಹಾಕುವ ನಮ್ಮ ಪ್ರೋಗ್ರಾಂ ಒಮ್ಮೆ ಓಡಿಸಿದರೆ ವಾರಗಟ್ಟಲೆ ಮುಗಿಯುತ್ತಿರಲಿಲ್ಲವಲ್ಲ, ಅದಕ್ಕೆ ಕಾದೂ ಕಾದೂ ನೀನು ಹೊರಟುಹೋದೆ. "ಈ ಡಬ್ಬ ಇಟ್ಕೊಂಡು ಮುದುಕಿ ಆಗೋಕೆ ನಾನು ತಯಾರಿಲ್ಲ ಕಣೇ, ನನ್ನ ಸೊಂಟನೇ ಬಿರುಕು ಬಿಡುತ್ತೆ" ಅಂದಿದ್ದೆ. ನೀನು ನಗಿಸಿ ಹೋದೆ, ಬಾಗಿಲು ಹಾಕಿಕೊಂಡು ನಾನು ಅತ್ತೆ.

ಯಾವ ಕಂಪ್ಯೂಟರ್ ಎಂಬುದಕ್ಕೆ ವಿಭಾಗದಲ್ಲಿ ತಲೆಗೊಂದು ಮಾತು. ಒಬ್ಬರು ಕೋರ್ ಜಾಸ್ತಿ ಇರಲಿ ಅಂದರು, ಇನ್ನೊಬ್ಬರು ಮೆಮೊರಿ ಅಂದರು, ಮತ್ತೊಬ್ಬರಿಗೆ ಗ್ರಾಫಿಕ್ಸ್ ಕಾರ್ಡ್ ಬಿಟ್ಟರೆ ಬೇರೆ ದೇವರಿಲ್ಲ. ತಲೆ ಕೆಟ್ಟು, ಪ್ರೋಗ್ರಾಂ ಅನ್ನೇ ಪೆನ್‌ಡ್ರೈವ್‌ಗೆ ಹಾಕಿಕೊಂಡು ಅಂಗಡಿಗೆ ಹೋದೆ, ಚಪ್ಪಲಿ ಕೊಳ್ಳುವವರು ಮೆಟ್ಟಿ ನಡೆದು ನೋಡುವ ಹಾಗೆ. ಅಂಗಡಿಯವನು ಒಳ್ಳೆಯವನು. "ಏನ್ ಬೇಕಾದ್ರೂ ಓಡಿಸಿ ಮೇಡಂ, ನನ್ನ ಡಿಸ್ಕ್ ಮಾತ್ರ ತುಂಬಿಸ್ಬೇಡಿ" ಅಂದ. ನಮ್ಮ ಮೇಷ್ಟರಿಗೆ ಬಿರುಕಿನ ಸಿನಿಮಾ ನೋಡುವ ಆಸೆಯೆಂದು ಪ್ರತಿ ಹೆಜ್ಜೆಯ ಚಿತ್ರವನ್ನೂ ಡಿಸ್ಕಿಗೆ ಬರೆಸುತ್ತಿದ್ದೆವಲ್ಲ, ಪ್ರೋಗ್ರಾಂನಿಂದ ಆ ಸಾಲುಗಳನ್ನು ತೆಗೆದುಹಾಕಿದೆ. ಕೊನೆಯ ಉತ್ತರವೊಂದು ಬಂದರೆ ಸಾಕಿತ್ತು.

ನಮ್ಮಲ್ಲಿ ಇಡೀ ದಿನ ಹಿಡಿಯುತ್ತಿದ್ದ ಮೂಳೆಯ ಚಿಕ್ಕ ಮಾದರಿ, ಅಲ್ಲಿನ ಅತಿ ಅಗ್ಗದ ಕಂಪ್ಯೂಟರಿನಲ್ಲಿ, ಅವನು ತರಿಸಿಕೊಟ್ಟ ಟೀ ಆರುವ ಮೊದಲೇ ಮುಗಿದುಬಿಟ್ಟಿತು. ಏನೋ ಎಡವಟ್ಟಾಗಿದೆ ಅಂದುಕೊಂಡು ಹಳೆಯ ಉತ್ತರದ ಪಕ್ಕ ಇಟ್ಟು ನೋಡಿದೆ. ಎರಡೂ ಒಂದೇ. ಈ ವೇಗ ಕಂಪ್ಯೂಟರಿನದೋ, ತೆಗೆದುಹಾಕಿದ ಸಾಲುಗಳದೋ ಎಂದು ಅನುಮಾನ ಬಂತು. ಏನೂ ಕೊಳ್ಳದೆ ವಾಪಸು ಬಂದು, ನಮ್ಮ ಹಳೆಯ ಡಬ್ಬದಲ್ಲೇ ದೊಡ್ಡ ಮಾದರಿಯನ್ನು ಓಡಿಸಿದೆ. ಬೆಳಗ್ಗೆ ಶುರುಮಾಡಿದ್ದು ಸಂಜೆ ಮನೆಗೆ ಹೊರಡುವಷ್ಟರಲ್ಲಿ ಮುಗಿದಿತ್ತು. ಇಷ್ಟು ವರ್ಷ ಅದು ಲೆಕ್ಕ ಹಾಕಲು ತಿಣುಕುತ್ತಿರಲಿಲ್ಲ ಕಣೇ. ಒಂದೊಂದು ಚಿತ್ರವೂ ಡಿಸ್ಕಿಗೆ ಇಳಿದು ಮುಗಿಯಲಿ ಎಂದು ನಮ್ಮ ಹಾಗೇ ಸುಮ್ಮನೆ ಕಾಯುತ್ತಾ ಕೂತಿತ್ತು.

ಬಿರುಕು ನೀನು ವಾದಿಸುತ್ತಿದ್ದ ಹಾಗೇ ಒಳಗಿನ ಅಂಚಿನಿಂದ ತಿರುಗುತ್ತದೆ. ಲೇಖನದಲ್ಲಿ ನಿನ್ನ ಹೆಸರೇ ಮೊದಲು, ಅದಕ್ಕೂ ತಕರಾರು ತೆಗೆಯಬೇಡ. ಉತ್ತರ ತೆರೆಯ ಮೇಲೆ ಬಂದಾಗ ಪಕ್ಕಕ್ಕೆ ತಿರುಗಿ ನಿನ್ನನ್ನು ಕರೆದೇಬಿಟ್ಟಿದ್ದೆ.

ಆಮೇಲೆ ಹೊಳೆದದ್ದು ಒಂದೇ. ಕಂಪ್ಯೂಟರ್ ಬೇಡ, ಆ ಹಣದಲ್ಲಿ ನಿನಗೆ ಸಂಬಳ ಕೊಟ್ಟು ಒಂದಷ್ಟು ಕಾಲವಾದರೂ ಕರೆಸಿಕೊಳ್ಳೋಣ ಎಂದು ಕಚೇರಿಗೆ ಓಡಿದೆ. ಗುಮಾಸ್ತರು ಕನ್ನಡಕದ ಮೇಲಿಂದ ನೋಡಿ, "ಇದು ಸಾಮಾನಿನ ದುಡ್ಡಮ್ಮಾ. ಇದ್ರಲ್ಲಿ ಮನುಷ್ಯರನ್ನ ತಗೊಳ್ಳೋಕಾಗಲ್ಲ" ಅಂದರು. ಕಾಡಿದೆ, ಬೇಡಿದೆ, ಅವರ ಮೇಲಿನವರ ಬಳಿಯೂ ಹೋದೆ. ಅಲ್ಲೂ ಅದೇ ಮಾತು. ಖರ್ಚು ಮಾಡದಿದ್ದರೆ ಹಣ ಹಿಂದಕ್ಕೆ ಹೋಗುತ್ತದೆ, ಮುಂದೆ ಏನು ಕೇಳಿದರೂ ಕೊಡುವುದಿಲ್ಲವಂತೆ. ವಾದ ಮಾಡುವ ಶಕ್ತಿ ನನಗಿಲ್ಲ.

ನಾಳೆ ಹೋಗಿ, ನಮಗೆ ಬೇಕಿಲ್ಲದ ಕಂಪ್ಯೂಟರೊಂದನ್ನು ಕೊಂಡು ತರುತ್ತೇನೆ. ನಿನ್ನ ಮೇಜಿನ ಮೇಲೆ ಇಡಬೇಕಂತೆ. ಅಲ್ಲಿ ಮಾತ್ರ ಜಾಗ ಖಾಲಿಯಿದೆ.

ಎಲ್ಲಿದ್ದರೂ ನಿನ್ನ ಹೊಟ್ಟೆ ತಣ್ಣಗಿರಲಿ, ಕಣ್ತುಂಬ ನಿದ್ದೆ ಬರಲಿ.

ಇಲ್ಲೇ ಉಳಿದುಕೊಂಡ,
ನಿನ್ನವಳು