ರಜೆ ಹಾಕದ ಹುಡುಗಿ

ಭಾನುವಾರ, ಬೆಳಗ್ಗೆ

ಪ್ರೀತಿಯ ಚಿನಕುರುಳಿಗೆ,

ಮನಸಾರೆ ಆಶೀರ್ವಾದಗಳು. ನಿನ್ನನ್ನು ಸಾಕಿ ಓದಿಸಿದ ದೊಡ್ಡಮ್ಮನಿಗೆ ಮೊದಲು ನನ್ನ ವಂದನೆ ತಿಳಿಸು. ನಮ್ಮ ಬ್ಯಾಂಕಿನ ತರಬೇತಿ ಕೇಂದ್ರಕ್ಕೆ ಅವರು ಒಳ್ಳೆಯ ಹುಡುಗಿಯನ್ನೇ ಕಳಿಸಿಕೊಟ್ಟಿದ್ದರು. ಈ ಮಾತನ್ನು ನಾನು ಇಂದಿಗೂ ಹಿಂತೆಗೆದುಕೊಂಡಿಲ್ಲ.

ನೀನು ಬಂದೀಯೆಂದು ಅಕ್ಕ (ನನ್ನ ಹೆಂಡತಿಯನ್ನು ನೀವು ಶಿಷ್ಯರೆಲ್ಲ ಹಾಗೆಯೇ ಕರೆಯುತ್ತಿದ್ದಿರಿ) ಪ್ರತಿ ಶನಿವಾರ ಮಹಡಿಯ ಕೋಣೆಯ ಕಿಟಕಿ ತೆರೆದು, ಹಾಸಿಗೆಗೆ ಒಗೆದ ಹೊದಿಕೆ ಹಾಸುತ್ತಾಳೆ. ಸೋಮವಾರ ಅದನ್ನು ಮಡಚಿಡುತ್ತಾಳೆ. ನಿಮ್ಮ ಶಾಖೆಗೂ ನಮ್ಮ ಮನೆಗೂ ಎರಡು ಬಸ್ಸಿನ ದೂರ. “ಬ್ಯಾಂಕಿನ ಗೋಡೆ ಇವಳೇ ಹೊತ್ಕೊಂಡು ನಿಂತಿದ್ದಾಳೇನ್ರೀ? ಕೈಬಿಟ್ರೆ ಬಿದ್ದೋಗತ್ತಾ?” ಎಂದು ಮೊನ್ನೆ ರೇಗಿದಳು. ಅವಳು ತಮಾಷೆಗೆ ಅಂದದ್ದು. ನನಗೆ ನಗು ಬರಲಿಲ್ಲ.

ಆ ತರಗತಿ ನಿನಗೆ ನೆನಪಿರಬೇಕು. “ರಜೆಯನ್ನೇ ಹಾಕದ ನೌಕರನ ಮೇಜನ್ನು ಮೊದಲು ನೋಡಿ” ಎಂದು ನಾನು ಹೇಳಿದೆ. ಹಿಂದಿನ ಬೆಂಚಿನಿಂದ ನೀನು ಎದ್ದು, “ಹಾಗಾದ್ರೆ ಸೋಮಾರಿಗಳೇ ಸತ್ಯವಂತರು ಅಂತಾಯ್ತಲ್ಲ ಸರ್! ನನಗೆ ಬಡ್ತಿ ಗ್ಯಾರಂಟಿ” ಎಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಗು ನಿಂತ ಮೇಲೆ ವಿವರಿಸಿದೆ: ಒಬ್ಬರ ಠೇವಣಿ ತೆಗೆದವನು ಅದನ್ನು ಮುಚ್ಚಲು ಇನ್ನೊಬ್ಬರದಕ್ಕೆ ಕೈ ಹಾಕಬೇಕು, ಅದನ್ನು ಮುಚ್ಚಲು ಮತ್ತೊಬ್ಬರದಕ್ಕೆ. ಅಂಥವನು ಒಂದು ದಿನವೂ ಕುರ್ಚಿ ಬಿಡಲಾರ. ಬೇರೆಯವರು ಅಲ್ಲಿ ಕುಳಿತರೆ ಸಾಕು, ಎಲ್ಲವೂ ಬಯಲಾಗುತ್ತದೆ.

ಹೋದ ವರ್ಷ ಒಂದೂ ರಜೆ ಹಾಕದ ಉದ್ಯೋಗಿಯೆಂದು ನಿನಗೆ ಬೆಳ್ಳಿಯ ಪದಕ ಕೊಟ್ಟರು. ಎದ್ದು ನಿಂತು ಚಪ್ಪಾಳೆ ತಟ್ಟಿದವರಲ್ಲಿ ನಾನೂ ಇದ್ದೆ. ವೇದಿಕೆಯಿಂದ ನೀನು ಎಲ್ಲರ ಕಡೆಗೂ ನೋಡಿದೆ, ನನ್ನ ಕಡೆಗೆ ಮಾತ್ರ ನೋಡಲಿಲ್ಲ.

ನೀನು ಕೊನೆಯ ಬಾರಿ, ಕೌಂಟರ್ ಮುಚ್ಚಿದ ಮೇಲೆ ಸಂಜೆ ಮನೆಗೆ ಬಂದಾಗ, ಅಕ್ಕ ಚಹಾ ತಂದಿಡುವಷ್ಟರಲ್ಲಿ ನಿನಗೆ ಶಾಖೆಯಿಂದ ಫೋನ್ ಬಂತು. ವರಾಂಡದಲ್ಲಿ ನಿಂತು, “ಅವರಿಗೆ ನಾಳೆ ಬನ್ನಿ ಅನ್ನು. ನೀನೇನೂ ತೆಗೆದು ನೋಡೋಕೆ ಹೋಗ್ಬೇಡ ಕಣೋ, ಈಗ್ಲೇ ಬಂದೆ” ಎನ್ನುತ್ತಿದ್ದೆ. ಚಹಾ ಹಾಗೆಯೇ ಆರಿತು. ನಿನ್ನ ಕೊಡೆ ನಮ್ಮ ಬಾಗಿಲ ಹಿಂದೆ ಇನ್ನೂ ನೇತಾಡುತ್ತಿದೆ. ಅದನ್ನು ಕಂಡಾಗಲೆಲ್ಲ, ನೀನು ಒಳಗೆಲ್ಲೋ ಅಡುಗೆಮನೆಯಲ್ಲಿ ಹರಟುತ್ತಿರುವೆಯೆಂದು ಒಂದು ಗಳಿಗೆ ಅನ್ನಿಸುತ್ತದೆ.

ಅಂದು ಅನುಮಾನವಾಗಿದ್ದದ್ದು ಈ ವಾರ ಖಚಿತವಾಯಿತು. ಏಕೆ ಮಾಡಿದೆ ಎಂದು ಕಾಗದದಲ್ಲಿ ಕೇಳುವುದಿಲ್ಲ. ಮುಂದಿನ ತಿಂಗಳೇ ತುಂಬಿಬಿಡುತ್ತೇನೆ ಎಂದುಕೊಂಡೇ ಮೊದಲ ಸಲ ಕೈ ಹಾಕಿರುತ್ತೀಯೆ. ಶಿಕ್ಷೆಯಾಗುವುದಿಲ್ಲವೆಂದು ನಿನಗೆ ಸುಳ್ಳು ಹೇಳಲಾರೆ. ಆದರೆ ತಾನಾಗಿ ಎದ್ದು ನಿಂತವಳಿಗೂ, ಹಿಡಿದು ಎಬ್ಬಿಸಲ್ಪಟ್ಟವಳಿಗೂ ಬಹಳ ಅಂತರವಿದೆ. ಗುರುವಾರ ನಾನೇ ಮುಖ್ಯ ಕಚೇರಿಗೆ ಹೋಗಿ ಹೇಳುತ್ತೇನೆ. ಅದಕ್ಕೆ ಮುಂಚೆ ನೀನು ಹೊರಟರೆ ನಿನ್ನ ಪಕ್ಕದಲ್ಲಿ ಮೆಟ್ಟಿಲು ಹತ್ತುತ್ತೇನೆ. ಆಮೇಲೆ ನಿನ್ನನ್ನು ಎಲ್ಲಿಗೇ ಕಳಿಸಲಿ, ಭೇಟಿಯ ದಿನ ತಪ್ಪದೆ ಬರುತ್ತೇನೆ. ನಿವೃತ್ತನಿಗೆ ರಜೆಯ ಚಿಂತೆಯಿಲ್ಲ, ನೋಡು.

ಈ ಕಾಗದ ಸಿಕ್ಕ ಮರುದಿನ ಕೌಂಟರಿನ ಕಿಟಕಿ ತೆರೆಯುವ ಮುನ್ನ ಒಂದು ಬಿಳಿ ಹಾಳೆ ತೆಗೆದುಕೊಂಡು ರಜೆಯ ಅರ್ಜಿ ಬರೆ. ಕಾರಣವೆಂಬಲ್ಲಿ ನಿಜವನ್ನೇ ಬರೆ. ಉಳಿದದ್ದನ್ನು ಸೇರಿ ಮಾಡೋಣ. ಏಳು ಮಗಳೇ, ಶುರುಮಾಡು.

ನಿನ್ನ ದಾರಿ ನೋಡುತ್ತಿರುವ,
ಮೇಷ್ಟ್ರು

ವಿ.ಸೂ.: ಹೇಗೆ ಖಚಿತವಾಯಿತೆಂದು ಹೇಳದೆ ಲಕೋಟೆ ಅಂಟಿಸಲು ಮನಸ್ಸು ಬರಲಿಲ್ಲ. ಕಣ್ಣಿನ ಶಸ್ತ್ರಚಿಕಿತ್ಸೆಗೆಂದು ತನ್ನ ಠೇವಣಿ ಬಿಡಿಸಲು ಈ ವಾರ ನಿಮ್ಮ ಶಾಖೆಗೆ ಎರಡು ಸಲ ಬಂದು, ನಿನ್ನಿಂದಲೇ “ನಾಳೆ ಬನ್ನಿ” ಅನ್ನಿಸಿಕೊಂಡು ಹೋದವಳು ಅಕ್ಕ. ನಿನಗದು ಗೊತ್ತೇ ಇದೆ. ಗೊತ್ತಿಲ್ಲದ್ದು ಇಷ್ಟು: ಅವಳು ಮನೆಗೆ ಬಂದು ದೂರಲಿಲ್ಲ. “ಮುಖ ಮಬ್ಬಾಗಿ ಕಂಡ್ರೂ ದನೀಲೇ ಗೊತ್ತಾಯ್ತು ಕಣ್ರೀ, ಹುಡುಗಿ ತುಂಬಾ ಸೊರಗಿದಾಳೆ. ನನ್ನ ಕಣ್ಣು ಹಾಗಿರ್ಲಿ, ಮೊದ್ಲು ಅವಳಿಗೆ ರಜಾ ಹಾಕ್ಸಿ” ಎಂದಳು.